ಮಂಜರಾಬಾದಿನಿಂದ ಸುಲ್ತಾನ್ ಬತ್ತೇರಿಗೆ: ಹಾಸನದಿಂದ ಹೊರಡುವ ಒಂದು ದಿನದ ಕೋಟೆ ಪ್ರವಾಸದ ಬಗ್ಗೆ

ಹಾಸನದ ಪುಟ್ಟ ಪ್ರವಾಸ ಸಂಸ್ಥೆಯೊಂದು ಮಳೆಗಾಲ ಕಳೆದ ಮೇಲೆ ಕೆಲವು ಭಾನುವಾರಗಳಂದು ಒಂದು ದಿನದ ಚರಿತ್ರೆ ಪ್ರವಾಸವನ್ನು ನಡೆಸುತ್ತಿದೆ. ಬೆಳಿಗ್ಗೆ ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆ, ಮಧ್ಯಾಹ್ನ ಶಿರಾಡಿ ಘಾಟಿ ಇಳಿದು ಮಂಗಳೂರು, ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿ, ರಾತ್ರಿ ಮರಳಿ ಹಾಸನ. ತಲೆಗೆ 1,850 ರೂಪಾಯಿ. ಅದರಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಟಿ.ಟಿ. ಗಾಡಿಯ ಪ್ರಯಾಣ ಮತ್ತು ಜೊತೆಗೆ ಬರುವ ಮಾರ್ಗದರ್ಶಕರ ವಿವರಣೆ ಸೇರಿರುತ್ತವೆ. ನವೆಂಬರಿನ ಒಂದು ಭಾನುವಾರ ನಾನು, ನಮ್ಮ ಅತ್ತೆಯವರು ಮತ್ತು ಎಂಟನೇ ತರಗತಿಯ ಮಗಳು ಈ ಪ್ರವಾಸಕ್ಕೆ ಹೋಗಿಬಂದೆವು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಚರಿತ್ರೆ ದೂರದ ನೆಂಟ. ಆದರೂ ಕೊಟ್ಟ ಹಣಕ್ಕೆ ಏನು ಸಿಕ್ಕಿತು, ಏನು ಸಿಗಬೇಕಿತ್ತು ಎಂಬುದನ್ನು ಹೋಗಬೇಕೆಂದಿರುವವರಿಗಾಗಿ ಬರೆದಿಡುತ್ತಿದ್ದೇನೆ.

ದೂರಿನಿಂದಲೇ ಆರಂಭಿಸುತ್ತೇನೆ. ಆರೂವರೆಗೆ ಹೊರಡಬೇಕಿದ್ದ ಗಾಡಿ ಹಾಸನ ಬಿಟ್ಟದ್ದು ಏಳು ಇಪ್ಪತ್ತಕ್ಕೆ. ಕಾರಣ ಕೇಳಿದರೆ ಇನ್ನೊಂದು ಕುಟುಂಬ ಬರಬೇಕು ಎಂದರು; ಆ ಕುಟುಂಬದವರು ಕೊನೆಗೂ ಬರಲಿಲ್ಲ. ಬೆಳಿಗ್ಗೆ ಕಳೆದುಹೋದ ಆ ಐವತ್ತು ನಿಮಿಷವನ್ನು ಇಡೀ ದಿನ ಯಾರ ಲೆಕ್ಕದಿಂದ ಕಳೆದರು ಎಂಬುದು ಮಂಗಳೂರು ತಲುಪಿದಾಗ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ. ಸಕಲೇಶಪುರದಲ್ಲಿ ಕೊಟ್ಟ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಮತ್ತು ಕಾಫಿಯ ಬಗ್ಗೆ ಯಾರೂ ತಕರಾರು ಮಾಡುವಂತಿರಲಿಲ್ಲ.

ಮಂಜರಾಬಾದ್ ಕೋಟೆ ಸಕಲೇಶಪುರದಿಂದ ಐದಾರು ಕಿಲೋಮೀಟರ್ ದೂರದಲ್ಲಿ, ದೋಣಿಗಾಲ್ ಬಳಿ, ಬೆಂಗಳೂರು–ಮಂಗಳೂರು ಹೆದ್ದಾರಿಯ ಮಗ್ಗುಲಲ್ಲೇ ಇದೆ. ಸಮುದ್ರಮಟ್ಟದಿಂದ 988 ಮೀಟರ್ ಎತ್ತರದ ಗುಡ್ಡದ ನೆತ್ತಿ ಅದು. ರಸ್ತೆಯಿಂದ ಮೇಲಕ್ಕೆ ಸುಮಾರು 250 ಮೆಟ್ಟಿಲು. ಫೋನಿನಲ್ಲಿ ವಿಚಾರಿಸಿದಾಗ ‘ಸ್ವಲ್ಪ ಮೆಟ್ಟಿಲು ಇದಾವೆ ಮೇಡಂ, ಆರಾಮಾಗಿ ಹತ್ತಬಹುದು’ ಎಂದಿದ್ದರು. ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ನೂರನೇ ಮೆಟ್ಟಿಲಿನಲ್ಲಿ ಕುಳಿತು, ‘ನೀವು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ’ ಎಂದರು. ಮಾರ್ಗದರ್ಶಕರು ಅವರನ್ನು ಬಿಟ್ಟು ಮೇಲೆ ಹೋಗಲಿಲ್ಲ. ‘ಅಮ್ಮ, ತೋಪು ಎಳೆದುಕೊಂಡು ಹತ್ತಿದವರೂ ಇಲ್ಲೇ ಎಲ್ಲೋ ಕೂತು ಸುಧಾರಿಸಿಕೊಂಡಿರಬೇಕು, ನಿಧಾನವಾಗಿ ಬನ್ನಿ’ ಎಂದು ಅಲ್ಲೇ ನಿಂತು ಮಾತು ತೆಗೆದರು. ಹತ್ತು ನಿಮಿಷದ ಆ ಮಾತು ಮುಗಿಯುವ ಹೊತ್ತಿಗೆ ಅತ್ತೆಯವರು ಎದ್ದು ನಿಂತಿದ್ದರು. ಇಡೀ ಪ್ರವಾಸದ ಜೀವ ಈ ಮಾರ್ಗದರ್ಶಕರೇ. ನಿವೃತ್ತ ಚರಿತ್ರೆ ಉಪನ್ಯಾಸಕರಾದ ಅವರನ್ನು ನಾವೆಲ್ಲ ದಿನವಿಡೀ ಮೇಷ್ಟ್ರೆ ಎಂದೇ ಕರೆದೆವು.

ಕೋಟೆ ನೋಡಲು ಬರುವ ಹೆಚ್ಚಿನವರ ಹಾಗೆ ನಾವೂ ಮೇಲಿನಿಂದ ಡ್ರೋನ್ ತೆಗೆದ ಚಿತ್ರವನ್ನು ನೋಡಿಯೇ ಬಂದವರು. ಹಸಿರಿನ ನಡುವೆ ಎಂಟು ಮೂಲೆಯ ನಕ್ಷತ್ರ. ಆದರೆ ನೆಲದ ಮೇಲೆ ನಿಂತವರಿಗೆ ಆ ನಕ್ಷತ್ರ ಕಾಣುವುದಿಲ್ಲ. ಪಾಚಿ ಹಿಡಿದ ಗೋಡೆಯೊಂದು ಅತ್ತ ತಿರುಗಿ ಇತ್ತ ತಿರುಗಿ ಹೋಗುತ್ತಿರುವುದಷ್ಟೇ ಕಾಣುತ್ತದೆ. ನಮ್ಮ ಗುಂಪಿನ ಇಬ್ಬರು ಯುವಕರು ‘ಇಷ್ಟೇನಾ’ ಎಂದದ್ದು ನನಗೂ ಕೇಳಿಸಿತು. ಮೇಷ್ಟ್ರು ಅದಕ್ಕೆ ಕಾದಿದ್ದವರಂತೆ ಎಲ್ಲರನ್ನೂ ಬಾಗಿಲಿನ ಕಮಾನಿನ ಕೆಳಗೆ ನಿಲ್ಲಿಸಿ, ತಲೆಯೆತ್ತಿ ನೋಡಲು ಹೇಳಿ, ಚಾವಣಿಯ ಮೇಲೆ ಟಾರ್ಚ್ ಬಿಟ್ಟರು. ಅಲ್ಲಿ ಕೋಟೆಯ ನಕ್ಷೆಯನ್ನೇ ಕೊರೆದಿದ್ದಾರೆ. ಡ್ರೋನ್ ಇಲ್ಲದ ಕಾಲದಲ್ಲಿ ಕಟ್ಟಿದವರೇ ಬಿಟ್ಟುಹೋದ ಮೇಲುನೋಟ ಅದು. ಅದನ್ನು ತೋರಿಸಿಕೊಡುವವರಿಲ್ಲದೆ ಬಂದಿದ್ದರೆ ನಾನಂತೂ ಅದರ ಕೆಳಗೇ ನಡೆದು ಹೋಗಿಬಿಡುತ್ತಿದ್ದೆ.

ನಕ್ಷತ್ರದ ಆಕಾರ ಏಕೆ ಬೇಕಾಯಿತು ಎಂಬುದನ್ನು ವಿವರಿಸಿದ ರೀತಿಗೇ ಅರ್ಧ ದುಡ್ಡು ಸಂದಾಯವಾಯಿತು ಎಂದುಕೊಂಡಿದ್ದೇನೆ. ಒಳಗಿನ ಬಯಲಿನಲ್ಲಿ ಮೇಷ್ಟ್ರು ಎಂಟು ಜನರನ್ನು ಎಂಟು ತುದಿಗಳಂತೆ ನಿಲ್ಲಿಸಿ, ಅವರ ಸುತ್ತ ನೈಲಾನ್ ಹಗ್ಗವನ್ನು ನಕ್ಷತ್ರದ ಅಂಚಿನಂತೆ ಒಳಗೆ ಹೊರಗೆ ಎಳೆದು ಗೂಟ ಹೊಡೆದರು. ಆಮೇಲೆ ನನ್ನ ಮಗಳನ್ನು ಕರೆದು, ‘ಪುಟ್ಟಿ, ನೀನೀಗ ಶತ್ರು. ಹಗ್ಗಕ್ಕೆ ಅಂಟಿಕೊಂಡು ಯಾರ ಕಣ್ಣಿಗೂ ಬೀಳದ ಹಾಗೆ ಎಲ್ಲಾದರೂ ನಿಲ್ಲು ನೋಡೋಣ’ ಎಂದರು. ಅವಳು ಎಲ್ಲಿ ನಿಂತರೂ ಪಕ್ಕದ ತುದಿಗಳಲ್ಲಿ ಯಾರಾದರೊಬ್ಬರು ಕೈಯೆತ್ತುತ್ತಿದ್ದರು. ದುಂಡು ಬುರುಜಿನ ಹಳೆಯ ಕೋಟೆಗಳಲ್ಲಿ ಬುರುಜಿನ ಬುಡದ ಒಂದಿಷ್ಟು ಜಾಗ ಮೇಲೆ ನಿಂತ ಕಾವಲಿನವನ ಕಣ್ಣಿಗೂ ಬೀಳುವುದಿಲ್ಲ, ಪಕ್ಕದ ಬುರುಜಿನವನ ಗುಂಡಿಗೂ ಸಿಗುವುದಿಲ್ಲ; ಶತ್ರು ಅಲ್ಲಿ ತೂರಿಕೊಂಡು ಗೋಡೆಯ ಕೆಳಗೆ ಸುರಂಗ ಕೊರೆದು ಮದ್ದು ತುಂಬುತ್ತಿದ್ದ. ಮೂಲೆಗಳನ್ನು ಚೂಪಾಗಿ ಹೊರಚಾಚಿದರೆ ಒಂದು ಮೂಲೆಯ ಗೋಡೆಯನ್ನು ಇನ್ನೊಂದು ಮೂಲೆ ಕಾಯುತ್ತದೆ. ಇಟಲಿಯಲ್ಲಿ ಹುಟ್ಟಿ, ಫ್ರಾನ್ಸಿನ ಇಂಜಿನಿಯರ್ ವೋಬಾನನ ಕೈಯಲ್ಲಿ ಪಳಗಿದ ಈ ವಿದ್ಯೆ ಫ್ರೆಂಚರೊಂದಿಗೆ ಟಿಪ್ಪು ಸುಲ್ತಾನನಿಗಿದ್ದ ಸ್ನೇಹದ ದಾರಿಯಿಂದ ಮಲೆನಾಡಿನ ಗುಡ್ಡಕ್ಕೆ ಬಂತು. ಕೋಟೆ ಪೂರ್ಣಗೊಂಡದ್ದು 1792ರಲ್ಲಿ.

ಇಲ್ಲಿ ಸಂಸ್ಥೆಯವರು ಹಂಚಿದ ನಾಲ್ಕು ಪುಟದ ಕರಪತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ ‘ವೋಬಾನ್ ಎಂಬ ಫ್ರೆಂಚ್ ಇಂಜಿನಿಯರ್ ಟಿಪ್ಪುವಿಗಾಗಿ ಈ ಕೋಟೆಯನ್ನು ಕಟ್ಟಿಕೊಟ್ಟನು’ ಎಂದು ಅಚ್ಚಾಗಿದೆ. ವೋಬಾನ್ ತೀರಿಕೊಂಡದ್ದು 1707ರಲ್ಲಿ. ಆಗ ಟಿಪ್ಪುವಿನ ಮಾತಿರಲಿ, ಅವನ ತಂದೆ ಹೈದರಾಲಿಯೇ ಹುಟ್ಟಿರಲಿಲ್ಲ. ಬಂದದ್ದು ವೋಬಾನನ ಪದ್ಧತಿ, ವೋಬಾನ್ ಅಲ್ಲ. ಅದೇ ಕರಪತ್ರದಲ್ಲಿ ಕೋಟೆಯ ಕೊಳದ ಬಳಿಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಮಾರ್ಗವಿದೆ ಎಂಬುದೂ ಇದೆ. ಊರವರು ಹೇಳುವ ಕತೆಯನ್ನು ಕತೆ ಎಂದೇ ಹಾಕಿದ್ದರೆ ಅದರ ರುಚಿಯೇ ಬೇರೆ ಇರುತ್ತಿತ್ತು. ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರಕ್ಕೆ, ಹೇಮಾವತಿಯನ್ನೂ ಕಾವೇರಿಯ ಬಯಲನ್ನೂ ಹಾಯ್ದು ಸುರಂಗ ಕೊರೆಯಬಲ್ಲವರಿಗೆ ಬೇರೆ ಕೋಟೆ ಏಕೆ ಬೇಕಿತ್ತು? ಮೇಷ್ಟ್ರು ತಾವೇ ಎರಡೂ ಸಾಲುಗಳ ಮೇಲೆ ಪೆನ್ನಿನಿಂದ ಗೀಟು ಹಾಕಿಸಿದರು. ಅವರ ಮಾತಿಗೆ ಸಂಸ್ಥೆಯಲ್ಲಿ ಬೆಲೆ ಇದ್ದಿದ್ದರೆ ಆ ಗೀಟು ಅಚ್ಚಿಗೆ ಹೋಗುವ ಮೊದಲೇ ಬೀಳುತ್ತಿತ್ತು.

ಕೋಟೆಯ ಹೊರಗೋಡೆ ಕಗ್ಗಲ್ಲು ಮತ್ತು ಸುಣ್ಣದ ಗಾರೆಯದು. ಒಳಗಿನ ಸೈನಿಕರ ಕೋಣೆಗಳು, ಉಗ್ರಾಣಗಳು ಸುಟ್ಟ ಇಟ್ಟಿಗೆಯವು. ಸುತ್ತಲೂ ಕಂದಕವಿದೆ. ನಡುವೆ ಕೂಡುಗುರುತಿನ ಆಕಾರದಲ್ಲಿ, ನಾಲ್ಕು ಕಡೆಯಿಂದಲೂ ಮೆಟ್ಟಿಲು ಇಳಿಯುವ ಕೊಳವಿದೆ. ಅದರ ಪಕ್ಕದಲ್ಲಿ ನೆಲದೊಳಗೆ ಎರಡು ಕೋಣೆಗಳು. ಮದ್ದಿನ ಮನೆಗಳು ಎನ್ನುತ್ತಾರೆ. ಬಗ್ಗಿ ಒಳಗಿಳಿದರೆ ಕತ್ತಲು, ಬಾವಲಿಯ ವಾಸನೆ, ಬೆನ್ನಿಗೆ ತಣ್ಣೀರು ಸುರಿದಂಥ ತಂಪು. ನೀರಿನ ಪಕ್ಕದಲ್ಲಿ ಯಾರಾದರೂ ಮದ್ದು ಇಡುತ್ತಾರೆಯೇ ಎಂದು ನಾನು ಕೇಳಿದೆ. ಮದ್ದೆಂದರೆ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪು ಶುದ್ಧವಾಗಿಲ್ಲದಿದ್ದರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ತೇವವಾದ ಮದ್ದು ಹೊಗೆಯಾಡುತ್ತದೆಯೇ ಹೊರತು ಸಿಡಿಯುವುದಿಲ್ಲ. ಜುಲೈ ತಿಂಗಳಲ್ಲಿ ಮಲೆನಾಡಿನ ಅಡುಗೆಮನೆಯ ಉಪ್ಪಿನ ಭರಣಿ ಏನಾಗುತ್ತದೆಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಷ್ಟ್ರ ಉತ್ತರ ನನಗೆ ಒಪ್ಪಿಗೆಯಾಯಿತು: ತೇವಕ್ಕಿಂತ ಬೆಂಕಿಯ ಭಯ ದೊಡ್ಡದು, ಒಂದು ಗುಂಡು ಮದ್ದಿನ ಮನೆಯ ಮೇಲೆ ಬಿದ್ದರೆ ಕೋಟೆಯೇ ಇರುವುದಿಲ್ಲ, ಆದ್ದರಿಂದ ಅದನ್ನು ಗೋಡೆಗಳಿಂದ ಆದಷ್ಟು ದೂರ, ನಟ್ಟನಡುವೆ, ನೆಲದ ಕೆಳಗೆ ಇಡುತ್ತಿದ್ದರು. ಮರದ ಪೀಪಾಯಿ, ದಪ್ಪ ಗೋಡೆ, ಗಾರೆ, ಇವೆಲ್ಲ ತೇವಕ್ಕೆ ಮಾಡಿಕೊಂಡ ಉಪಾಯಗಳು.

ನಾವು ಹೋದ ದಿನ ಕೋಟೆಯಲ್ಲಿ ಒಂದು ತೋಪೂ ಕಣ್ಣಿಗೆ ಬೀಳಲಿಲ್ಲ. ತೋಪು ಕೂರಿಸುತ್ತಿದ್ದ ಮೂಲೆಗಳಿವೆ, ಬಂದೂಕು ತೂರಿಸುವ ಕಿಂಡಿಗಳಿವೆ. ತೋಪಿಲ್ಲದ ಕೊರತೆಯನ್ನು ಮೇಷ್ಟ್ರು ತಮ್ಮ ಛತ್ರಿಯಿಂದ ತುಂಬಿದರು. ಕಲ್ಲಿನ ಮೇಲೆ ಅಡ್ಡ ಮಲಗಿಸಿದ ಒಂದು ಪಿ.ವಿ.ಸಿ. ಪೈಪು ತೋಪಿನ ಕೊಳವೆ, ಛತ್ರಿ ಮದ್ದನ್ನು ಒಳಗೆ ಬಡಿದು ಕೂರಿಸುವ ಗಜ, ಒದ್ದೆ ಬಟ್ಟೆ ಸುತ್ತಿದ ಕೋಲು ಒಳಗೊರಸುವ ಕುಂಚ. ಹಿಂದಿನ ಏಟಿನ ಕಿಡಿ ಒಳಗೆ ಉಳಿದಿದ್ದರೆ ಹೊಸ ಮದ್ದು ಕೈಯಲ್ಲೇ ಹೊತ್ತಿಕೊಳ್ಳುತ್ತದೆ, ಹಾಗಾಗಿ ಮೊದಲು ಒದ್ದೆ ಕುಂಚ. ಆಮೇಲೆ ಅಳತೆಯ ಮದ್ದಿನ ಚೀಲ, ಅದರ ಮೇಲೆ ನಾರಿನ ಉಂಡೆ, ಗುಂಡು, ಮತ್ತೆ ಗಜದಿಂದ ಬಡಿತ. ಹಿಂಬದಿಯ ಸಣ್ಣ ತೂತಿನಲ್ಲಿ ಚಿಟಿಕೆ ಮದ್ದು. ಕೊನೆಗೆ ಉದ್ದ ಕೋಲಿನ ತುದಿಗೆ ಸುತ್ತಿದ ಬತ್ತಿ. ಆರು ಜನರಿಗೆ ಆರು ಕೆಲಸ ಹಂಚಿ, ಮೂರು ಸಲ ಮಾಡಿಸಿದರು. ಮೊದಲ ಸಲ ನಮಗೆ ನಾಲ್ಕು ನಿಮಿಷ ಹಿಡಿಯಿತು, ಮೂರನೆಯ ಸಲ ಒಂದೂವರೆ. ‘ಇಷ್ಟೇನಾ’ ಎಂದಿದ್ದ ಯುವಕರಲ್ಲೊಬ್ಬ ಕುಂಚ ಹಾಕುವುದನ್ನು ಮರೆತದ್ದಕ್ಕೆ ಮೇಷ್ಟ್ರು ಅವನನ್ನು ಸತ್ತವನೆಂದು ಸಾರಿ ಮೆಟ್ಟಿಲ ಮೇಲೆ ಕೂರಿಸಿದರು. ಅವನು ಊಟದವರೆಗೂ ಅದನ್ನೇ ಹೇಳಿಕೊಂಡು ನಗುತ್ತಿದ್ದ.

ಅಲ್ಲಿಂದ ಕೆಳಗೆ ನೋಡಿದರೆ ಹೆದ್ದಾರಿಯಲ್ಲಿ ಘಾಟಿ ಇಳಿಯಲು ಸಾಲುಗಟ್ಟಿದ ಲಾರಿಗಳು ಕಾಣುತ್ತವೆ. ಆಕಾಶ ತಿಳಿಯಾಗಿದ್ದರೆ ಅರಬ್ಬೀ ಸಮುದ್ರವೂ ಕಾಣುತ್ತದಂತೆ. ನಮಗೆ ಕಂಡದ್ದು ಮಂಜು. ಕೋಟೆ ಕಟ್ಟಿ ಮುಗಿದಾಗ ನೋಡಲು ಬಂದ ಟಿಪ್ಪುವಿಗೂ ಮಂಜೇ ಕಂಡು, ಅದರಿಂದಲೇ ಮಂಜರಾಬಾದ್ ಎಂಬ ಹೆಸರು ಬಂತೆಂದು ಹೇಳುತ್ತಾರೆ. ಈ ಸೀಮೆಯ ಹಳೆಯ ಹೆಸರು ಬಲಂ; ಐಗೂರಿನ ಪಾಳೆಯಗಾರರದು.

ಕೋಟೆ ಇರುವುದು ಬೆಟ್ಟದ ಮೇಲೆ, ಸಮುದ್ರ ಇರುವುದು ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ. ಇವೆರಡನ್ನೂ ಒಂದೇ ದಿನದ ಪ್ರವಾಸದಲ್ಲಿ ಜೋಡಿಸಿದ್ದೇಕೆ ಎಂಬ ಪ್ರಶ್ನೆ ನನಗೆ ಹಣ ಕಟ್ಟುವಾಗಲೇ ಇತ್ತು. ಉತ್ತರವನ್ನು ಮೇಷ್ಟ್ರು ಗಾಡಿ ಶಿರಾಡಿ ಇಳಿಯುವಾಗ ಕೊಟ್ಟರು. ಒಂದು ಸ್ಲೇಟಿನ ಮೇಲೆ 1768, 1780, 1783 ಎಂದು ಬರೆದು ಎಲ್ಲರ ಕೈಗೂ ದಾಟಿಸಿದರು. 1768ರಲ್ಲಿ ಬೊಂಬಾಯಿಯಿಂದ ಬಂದ ಈಸ್ಟ್ ಇಂಡಿಯಾ ಕಂಪನಿಯ ಪಡೆ ಸಮುದ್ರದ ಕಡೆಯಿಂದ ಮಂಗಳೂರನ್ನು ಹಿಡಿಯಿತು. ಕೆಲವೇ ತಿಂಗಳಲ್ಲಿ ಹೈದರಾಲಿ ಅದನ್ನು ಮರಳಿ ಪಡೆದ. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸನ ನೌಕಾಪಡೆ ಮಂಗಳೂರು ಬಂದರಿಗೇ ಬಂದು, ಹೈದರಾಲಿ ಕಟ್ಟಿಸಿಕೊಂಡಿದ್ದ ಹಡಗುಗಳನ್ನು ನಾಶಮಾಡಿತು. 1782ರ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡ. ಮರುತಿಂಗಳೇ ಜನರಲ್ ಮ್ಯಾಥ್ಯೂಸ್ ಕೆನರಾ ಕರಾವಳಿಯಿಂದ ಹೊಸಂಗಡಿ ಘಾಟಿ ಹತ್ತಿ ಬಿದನೂರನ್ನೇ ಹಿಡಿದುಬಿಟ್ಟ. ಮಾರ್ಚ್ ಹೊತ್ತಿಗೆ ಮಂಗಳೂರೂ ಹೋಯಿತು. ಟಿಪ್ಪು ಏಪ್ರಿಲ್ ಕೊನೆಯಲ್ಲಿ ಬಿದನೂರನ್ನು ಬಿಡಿಸಿಕೊಂಡು ಮಂಗಳೂರಿಗೆ ಮುತ್ತಿಗೆ ಹಾಕಿದ. ಮೇ ತಿಂಗಳಿನಿಂದ 1784ರ ಜನವರಿ ಕೊನೆಯವರೆಗೆ, ಒಂದಿಡೀ ಮಳೆಗಾಲವನ್ನು ನಡುವೆ ಹಾಯ್ದು ನಡೆದ ಮುತ್ತಿಗೆ ಅದು. ಒಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್ ಕೋಟೆ ಒಪ್ಪಿಸಿದ. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು.

ಹದಿನೈದು ವರ್ಷದಲ್ಲಿ ಮೂರು ಸಲ ಒಂದೇ ಬಾಗಿಲಿನಿಂದ ಕಳ್ಳ ಬಂದರೆ ಮನೆಯವನು ಏನು ಮಾಡುತ್ತಾನೆ ಎಂದು ಮೇಷ್ಟ್ರು ಕೇಳಿದರು. ನಮ್ಮ ಅತ್ತೆಯವರು, ‘ಬೀದಿ ಬಾಗ್ಲಿಗೆ ಅಗುಳಿ ಹಾಕ್ತಾನೆ, ನಡುಮನೆ ಬಾಗ್ಲಿಗೂ ಒಂದು ಹಾಕ್ತಾನೆ’ ಎಂದರು. ಮೇಷ್ಟ್ರು ಆ ಮಾತನ್ನು ಹಿಡಿದುಕೊಂಡು ಸಂಜೆಯವರೆಗೂ ಬಿಡಲಿಲ್ಲ. ಬೀದಿ ಬಾಗಿಲಿನ ಅಗುಳಿ ಸುಲ್ತಾನ್ ಬತ್ತೇರಿ, 1784ರದು. ನಡುಮನೆ ಬಾಗಿಲಿನ ಅಗುಳಿ ಮಂಜರಾಬಾದ್. ಕಂಪನಿಯ ಸೈನ್ಯ ಘಾಟಿ ಹತ್ತಬಲ್ಲದು ಎಂಬುದು ಹೊಸಂಗಡಿಯಲ್ಲಿ ಒಮ್ಮೆ ಗೊತ್ತಾದ ಮೇಲೆ, ಕರಾವಳಿಯ ಕಾವಲು ಕರಾವಳಿಯಲ್ಲೇ ಮುಗಿಯುವಂತಿರಲಿಲ್ಲ. ಕೋಟೆಯ ಮೇಲೆ ನಿಂತಾಗ ಹೊಳೆಯದ ಈ ಸಂಬಂಧ ಘಾಟಿಯ ತಿರುವುಗಳಲ್ಲಿ ಗಾಡಿ ವಾಲಾಡುವಾಗ ಹೊಳೆಯಿತು. ಪ್ರವಾಸವನ್ನು ಹೀಗೆ ಜೋಡಿಸಿದವರ ಯೋಚನೆ ಮೆಚ್ಚತಕ್ಕದ್ದು.

ಊಟ ಘಾಟಿ ಇಳಿದ ಮೇಲೆ, ದಾರಿಬದಿಯ ಒಂದು ಹೋಟೆಲಿನಲ್ಲಿ. ಮೀನೂಟ ಬೇಕೆಂದವರಿಗೆ ಬಂಗುಡೆ ಸಾರು, ಬೇಡವೆಂದವರಿಗೆ ಕುಚ್ಚಲಕ್ಕಿ ಅನ್ನ ಮತ್ತು ಒಂದು ಪಲ್ಯ. ಬೆಳ್ತಿಗೆ ಅನ್ನ ಕೇಳಿದ ನಮ್ಮ ಅತ್ತೆಯವರಿಗೆ ಅದು ಬರುವಷ್ಟರಲ್ಲಿ ಉಳಿದವರೆಲ್ಲ ಕೈ ತೊಳೆದಿದ್ದರು. ಇಲ್ಲೂ ಅರ್ಧ ಗಂಟೆ ಹೆಚ್ಚಾಯಿತು.

ಮಂಗಳೂರು ತಲುಪಿ ಬೋಳೂರಿಗೆ ಬಂದಾಗ ನಾಲ್ಕೂ ಮುಕ್ಕಾಲು. ಬೆಳಗಿನ ಐವತ್ತು ನಿಮಿಷ ಮತ್ತು ಊಟದ ಅರ್ಧ ಗಂಟೆ ಎರಡರಲ್ಲಿ ಹೆಚ್ಚಿನ ಪಾಲನ್ನು ಸುಲ್ತಾನ್ ಬತ್ತೇರಿಯ ಲೆಕ್ಕದಿಂದ ಕಳೆಯಲಾಯಿತು. ಪಟ್ಟಿಯಲ್ಲಿ ಒಂದೂವರೆ ಗಂಟೆ ಎಂದಿದ್ದದ್ದು ಮೂವತ್ತೈದು ನಿಮಿಷವಾಯಿತು. ರಾತ್ರಿ ಘಾಟಿ ಹತ್ತಬೇಕಾದ ಚಾಲಕರು ಗಡಿಯಾರ ತೋರಿಸುತ್ತ ನಿಂತಿದ್ದರು. ಅವರ ಅವಸರ ನ್ಯಾಯವಾದದ್ದೇ. ಆದರೆ ಪ್ರವಾಸದ ಎರಡನೆಯ ಕಾಲು ಹೀಗೆ ಕುಂಟಿದ್ದಕ್ಕೆ ಹೊಣೆ ಬೆಳಿಗ್ಗೆ ಗಾಡಿ ಬಿಡಿಸದವರದು.

ಹೆಸರು ಕೇಳಿ ದೊಡ್ಡ ಕೋಟೆಯನ್ನು ಎಣಿಸಿಕೊಂಡವರಿಗೆ ಬತ್ತೇರಿ ಚಿಕ್ಕದೆನಿಸುತ್ತದೆ. ಕಪ್ಪು ಕಲ್ಲಿನ ದುಂಡನೆಯ ಒಂದೇ ಬುರುಜು, ಮೇಲೇರಲು ಮೆಟ್ಟಿಲು, ಸುತ್ತ ತೋಪಿನ ಕಿಂಡಿಗಳು, ಅಡಿಯಲ್ಲಿ ಮದ್ದಿನ ಕೋಣೆ. ‘ಸಮುದ್ರ ಎಲ್ಲಿ?’ ಎಂದು ನನ್ನ ಮಗಳು ಕೇಳಿದ್ದು ಸರಿಯಾದ ಪ್ರಶ್ನೆಯೇ. ಎದುರಿಗೆ ಇರುವುದು ಗುರುಪುರ ಹೊಳೆ. ಅದರಾಚೆ ತಣ್ಣೀರುಬಾವಿಯ ಮರಳಿನ ಪಟ್ಟಿ, ಅದಕ್ಕೂ ಆಚೆ ಸಮುದ್ರ. ಗುರುಪುರ ಹೊಳೆ ಕಡಲಿಗೆ ಸಮನಾಗಿ ದಕ್ಷಿಣಕ್ಕೆ ಹರಿದು, ನೇತ್ರಾವತಿಯ ಜೊತೆ ಸೇರಿ ಒಂದೇ ಅಳಿವೆಯಲ್ಲಿ ಕಡಲು ಕೂಡುತ್ತದೆ. ಅಳಿವೆಯಿಂದ ಒಳನುಗ್ಗಿ ಹೊಳೆಯಲ್ಲಿ ಮೇಲೆ ಬರುವ ಯುದ್ಧದ ಹಡಗು ಈ ಬುರುಜಿನ ಮುಂದೆಯೇ ಹಾಯಬೇಕು. ತೆರೆದ ಕಡಲಿನಲ್ಲಿ ಹಡಗನ್ನು ಅಟ್ಟಿಸಿಕೊಂಡು ಹೋಗುವ ನೌಕಾಬಲ ಇಲ್ಲದವನು ಅದನ್ನು ಇಕ್ಕಟ್ಟಿನಲ್ಲಿ ಹಿಡಿಯಲು ಹೂಡಿದ ಹಂಚಿಕೆ ಇದು. 1780ರಲ್ಲಿ ಹಡಗುಗಳನ್ನು ಕಳೆದುಕೊಂಡ ಮನೆತನಕ್ಕೆ ಇದರ ಬೆಲೆ ಗೊತ್ತಿತ್ತು.

ದಡದ ತೋಪಿಗೂ ಹಡಗಿನ ತೋಪಿಗೂ ಇರುವ ವ್ಯತ್ಯಾಸವನ್ನು ಮೇಷ್ಟ್ರು ಅವಸರದಲ್ಲಿ ಹೇಳಿದರೂ ಚೆನ್ನಾಗಿ ಹೇಳಿದರು. ಹಡಗು ಅಲೆಗೆ ತೂಗುತ್ತದೆ. ತೋಪಿನ ಬಾಯಿ ಒಂದೆರಡು ಡಿಗ್ರಿ ಏರುಪೇರಾದರೂ ಗುಂಡು ಬುರುಜಿನ ತಲೆಯ ಮೇಲೆ ಹಾರಿಹೋಗುತ್ತದೆ ಅಥವಾ ನೀರಿಗೆ ಬೀಳುತ್ತದೆ. ದಡದ ತೋಪಿಗೆ ನೆಲ ಅಲುಗುವುದಿಲ್ಲ, ದೂರ ಮೊದಲೇ ಅಳೆದಿರುತ್ತದೆ, ಎದುರಿನದು ಮರದ ಹಡಗು. ಯೂರೋಪಿನ ಕರಾವಳಿ ಕೋಟೆಗಳಲ್ಲಿ ಕಬ್ಬಿಣದ ಗುಂಡನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಹಾರಿಸುವ ಪದ್ಧತಿಯೂ ಇತ್ತು. ಹೈದರಾಲಿ ಬದುಕಿದ್ದ ಕೊನೆಯ ವರ್ಷ, 1782ರ ಸೆಪ್ಟೆಂಬರ್ 13ರಂದು, ಜಿಬ್ರಾಲ್ಟರಿನಲ್ಲಿ ಇಂಗ್ಲಿಷರು ಹೀಗೆ ಕಾಯಿಸಿದ ಗುಂಡುಗಳಿಂದಲೇ ಸ್ಪೇನ್ ಮತ್ತು ಫ್ರಾನ್ಸಿನವರ ತೇಲುವ ತೋಪುದಾಣಗಳನ್ನು ಸುಟ್ಟರು.

ಬತ್ತೇರಿ ಎಂದರೆ ಏನು ಎಂಬ ಪ್ರಶ್ನೆಯೂ ಅಲ್ಲೇ ಎದ್ದಿತು. ಟಾರ್ಚಿಗೆ ಹಾಕುವ ಬ್ಯಾಟರಿಗೂ ಇದಕ್ಕೂ ಏನು ಸಂಬಂಧ ಎಂದು ಮಗಳು ಕೇಳಿದಾಗ ಮೇಷ್ಟ್ರು ನಕ್ಕು, ‘ಅದನ್ನು ನಿಮ್ಮಮ್ಮನೇ ಹೇಳಬೇಕು’ ಎಂದು ನನ್ನ ಕಡೆ ತಳ್ಳಿದರು. ಸಾಲಾಗಿ ನಿಲ್ಲಿಸಿ ಒಟ್ಟಿಗೆ ಹೊಡೆಯುವ ತೋಪುಗಳ ಗುಂಪಿಗೆ ಬ್ಯಾಟರಿ ಎಂಬ ಹೆಸರು. ನಮ್ಮ ಜನರ ಬಾಯಿಯಲ್ಲಿ ಅದೇ ಬತ್ತೇರಿಯಾಯಿತು, ವಯನಾಡಿನ ಸುಲ್ತಾನ್ ಬತ್ತೇರಿಯ ಹಾಗೆ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತನ್ನು ಕೂಡಿಡುವ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿ, ಅವು ಒಟ್ಟಿಗೆ ಸಿಡಿಯುವುದನ್ನು ಕಂಡು ತೋಪಿನ ಸಾಲಿನ ಹೆಸರನ್ನೇ ಅವುಗಳಿಗೆ ಇಟ್ಟ. ಟಾರ್ಚಿನ ಬ್ಯಾಟರಿ ಆ ಜಾಡಿಗಳ ಮೊಮ್ಮಗ. ಇಪ್ಪತ್ತು ವರ್ಷ ಪಾಠ ಮಾಡಿದ ಈ ಸಂಗತಿಯನ್ನು ನಿಜವಾದ ಬತ್ತೇರಿಯ ಮೇಲೆ ನಿಂತು ಹೇಳುವ ಸುಖವೇ ಬೇರೆ. ಬುರುಜಿನ ಮೆಟ್ಟಿಲ ಮೇಲಿದ್ದ ಬಿಸ್ಕತ್ತಿನ ಪೊಟ್ಟಣಗಳು ಮತ್ತು ಗೋಡೆಯ ಮೇಲೆ ಕೆತ್ತಿದ ಪ್ರೇಮಿಗಳ ಹೆಸರುಗಳು ಮಾತ್ರ ಆ ಸುಖಕ್ಕೆ ಕಲ್ಲು ಹಾಕಿದವು.

ಇಷ್ಟೆಲ್ಲ ಕಟ್ಟಿ ಕೊನೆಗೆ ಏನಾಯಿತು ಎಂಬ ಭಾಗವನ್ನು ಮೇಷ್ಟ್ರು ವಾಪಸಾಗುವಾಗ, ಬಿ.ಸಿ. ರೋಡ್ ದಾಟಿದ ಮೇಲೆ ಹೇಳಿದರು. ಅರ್ಧ ಗಾಡಿ ನಿದ್ದೆ ಹೋಗಿತ್ತು. ಈ ಭಾಗವನ್ನು ಬುರುಜಿನ ಮೇಲೆ ನಿಂತು ಕೇಳಬೇಕಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ರಾಜ್ಯದ ಅರ್ಧವನ್ನು ಬಿಟ್ಟುಕೊಟ್ಟ. ಮಲಬಾರ್ ಹೋಯಿತು, ಕೊಡಗು ಕಂಪನಿಯ ಆಸರೆಗೆ ಸರಿಯಿತು, ಮಂಗಳೂರು ಮಾತ್ರ ಅವನಲ್ಲೇ ಉಳಿಯಿತು. ಮಂಜರಾಬಾದಿನ ಪಕ್ಕದ ಕೊಡಗೇ ಶತ್ರುವಿನ ದಾರಿಯಾದ ಮೇಲೆ ಬೀದಿ ಬಾಗಿಲಿನ ಅಗುಳಿಯಿಂದ ಏನು ಪ್ರಯೋಜನ? 1799ರಲ್ಲಿ ಬೊಂಬಾಯಿಯ ಸೈನ್ಯ ಕಣ್ಣೂರಿನಿಂದ ಹೊರಟು ಕೊಡಗಿನ ಮೂಲಕವೇ ಬಂತು. ಮಾರ್ಚ್ 6ರಂದು ಪಿರಿಯಾಪಟ್ಟಣದ ಕಡೆಯ ಸಿದ್ದೇಶ್ವರದಲ್ಲಿ ಟಿಪ್ಪು ಅದನ್ನು ತಡೆಯಲು ಹೋಗಿ ಸೋತ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಎರಡು ಬಾಗಿಲುಗಳಿಗೂ ಅಗುಳಿ ಹಾಕಿದ ಮನೆಗೆ ಶತ್ರು ಪಕ್ಕದ ಮನೆಯ ಗೋಡೆ ಹಾರಿ ಬಂದ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ನಂತರದ ಕತೆ. ಶ್ರೀರಂಗಪಟ್ಟಣ ಬಿದ್ದ ಮೇಲೂ ಬಲಂ ಸೀಮೆಯ ಪಾಳೆಯಗಾರ ಕಂಪನಿಗೆ ಬಗ್ಗಲಿಲ್ಲ. ಅವನನ್ನು ಮಣಿಸಲು 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯೇ, ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೇ, ಈ ಕಾಡಿಗೆ ಬರಬೇಕಾಯಿತು. ಅವನಿಗೆ ತಲೆನೋವಾದದ್ದು ಕಾಡನ್ನೇ ಕೋಟೆ ಮಾಡಿಕೊಂಡಿದ್ದ ಅರಕೆರೆಯ ನೆಲೆ. ಮೆಳೆ ಮತ್ತು ಮರಗಳ ಮಧ್ಯೆ ತಡೆಗಳನ್ನು ಒಡ್ಡಿದ್ದ ಆ ಕೋಟೆಗೆ ಎಷ್ಟು ಮೂಲೆ ಎಂದು ಎಣಿಸುವವರಿರಲಿಲ್ಲ. ವೆಲ್ಲೆಸ್ಲಿ ಅದನ್ನು ಗೆದ್ದ, ಪಾಳೆಯಗಾರನನ್ನು ಗಲ್ಲಿಗೇರಿಸಲಾಯಿತು. ಹಾಸನ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನನಗೆ ಈ ಸಂಗತಿ ಗೊತ್ತಾಗಲು 1,850 ರೂಪಾಯಿ ಕೊಡಬೇಕಾಯಿತು ಎಂಬುದು ಸಂಸ್ಥೆಯ ತಪ್ಪಲ್ಲ.

ಹೋಗಬೇಕೆಂದಿರುವವರಿಗೆ ಕೆಲವು ವಿಷಯಗಳು. ಹಣ ಕಟ್ಟುವ ಮೊದಲು ಆ ದಿನ ಬರುವ ಮಾರ್ಗದರ್ಶಕರು ಯಾರೆಂದು ಕೇಳಿಕೊಳ್ಳಿ. ಇದೇ ಮೇಷ್ಟ್ರಾದರೆ ಮಾತ್ರ ಹೊರಡಿ, ಏಕೆಂದರೆ ಕರಪತ್ರವನ್ನು ನಂಬಿ ಹೋದರೆ ನಿಮಗೆ ವೋಬಾನನ ಭೂತ ಸಿಗುತ್ತದೆ. ವಯಸ್ಸಾದವರಿದ್ದರೆ 250 ಮೆಟ್ಟಿಲಿನ ಲೆಕ್ಕವನ್ನು ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ. ಮದ್ದಿನ ಮನೆಗೆ ಇಳಿಯಲು ನಿಮ್ಮದೇ ಟಾರ್ಚ್ ಇರಲಿ, ಕಾಲಿಗೆ ಜಾರದ ಪಾದರಕ್ಷೆ ಇರಲಿ. ಶಿರಾಡಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮುಂದಿನ ಸೀಟನ್ನು ಮೊದಲೇ ಹೇಳಿ ಇಟ್ಟುಕೊಳ್ಳಬೇಕು. ಮಂಜರಾಬಾದಿನ ಅರ್ಧ ದಿನಕ್ಕೆ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ, ಬತ್ತೇರಿಯ ಅರ್ಧಕ್ಕೆ ಎರಡು. ಮಂಗಳೂರಿನಲ್ಲಿ ಒಂದು ರಾತ್ರಿ ಉಳಿಸಿ, ಬತ್ತೇರಿಯನ್ನು ಮರುದಿನ ಬೆಳಿಗ್ಗೆ ತೋರಿಸಿ, ಎದುರಿನ ತಣ್ಣೀರುಬಾವಿಗೆ ದೋಣಿಯಲ್ಲಿ ಕರೆದುಕೊಂಡು ಹೋಗಿ ಹೊಳೆಯ ನಡುವಿನಿಂದ, ಅಂದರೆ ಶತ್ರುವಿನ ಹಡಗು ನಿಲ್ಲುತ್ತಿದ್ದ ಜಾಗದಿಂದ, ಬುರುಜನ್ನು ತೋರಿಸಿ ಎಂದು ಸಂಸ್ಥೆಯವರಿಗೆ ಬರೆದು ಕಳಿಸಿದ್ದೇನೆ. ಯೋಚಿಸುತ್ತೇವೆ ಎಂದಿದ್ದಾರೆ. ಕರಪತ್ರ ತಿದ್ದುವ ವಿಷಯಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.